ಎಂಟು ಸ್ಟೋನಿನ ಸವತಿ

ಮೊನ್ನೆ ಸೋನ್ಯಾಳಕ್ಕೆ ಹೋಗಿದ್ದೆ. ಮೈದುನನ ಬಸುರಿ ಮೊಮ್ಮಗಳ ಕುಬಸ. ಜನ ಹೆಚ್ಚಾಗಿ ಜಮಖಾನೆ ಸಾಲದೆ, ಹುಡುಗರು ಅಂಗಡಿಯಿಂದ ಹೊಸ ಗೋಣಿತಟ್ಟು ತಂದು ಪಡಸಾಲೆಯಲ್ಲಿ ಹಾಸಿ, ನನ್ನ ಕೈಹಿಡಿದು ಅದರ ಮೇಲೆ ಕೂರಿಸಿದರು. ಹೊಸ ಗೋಣಿಯ ವಾಸನೆ ನಿಮಗೆ ಗೊತ್ತಲ್ಲ, ಸ್ವಲ್ಪ ಎಣ್ಣೆ, ಸ್ವಲ್ಪ ನಾರು, ಮೂಗು ಕೆರೆಯುವಷ್ಟು ದೂಳು. ಅದು ಮೂಗಿಗೆ ಬಡಿದದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿದ್ದ ಹೆಣ್ಣುಮಗಳು "ಯಾಕ್ರಿ ಆಯಿ, ಸೆಕಿ ಆಗಾಕತ್ತೈತೇನು?" ಎಂದು ಸೆರಗಿನಿಂದ ಗಾಳಿ ಹಾಕಿದಳು. ಸೆಕೆಯಲ್ಲ ತಾಯಿ. ನನ್ನ ಸವತಿ ನೆನಪಾದಳು.

ಇಷ್ಟು ವರ್ಷಗಳಾದ ಮೇಲೆ ಅಂಥದ್ದನ್ನೆಲ್ಲ ನೆನೆದರೆ ನಗು ಬರುತ್ತದೆ ಎಂದು ಬರೆಯುವುದು ರೂಢಿ. ನನಗೆ ಬರುವುದಿಲ್ಲ. ಸಿಟ್ಟೇ ಬರುತ್ತದೆ. ನಮ್ಮವರು ಎರಡನೆಯ ಮದುವೆ ಮಾಡಿಕೊಂಡವರಲ್ಲ, ಆ ಮಾತು ಮೊದಲೇ ಹೇಳಿಬಿಡುತ್ತೇನೆ. ಆದರೆ ನಾನು ಗಂಡನ ಮನೆಗೆ ಬಾಳಲು ಬಂದ ವರ್ಷ ನನಗಿಂತ ಮೊದಲೇ ಒಬ್ಬಳು ಅಲ್ಲಿ ಬಂದು ಕೂತಿದ್ದಳು. ಒಂದು ಜೊತೆ ತೊಗಲಿನ ಕೈಗವಸು, ಬೇವಿನ ಮರಕ್ಕೆ ತೂಗುಬಿಟ್ಟ ಒಂದು ಗೋಣಿಚೀಲ, ಮತ್ತೆ ಎಂಟು ಸ್ಟೋನ್ ಎಂಬ ಒಂದು ತೂಕ. ಇವು ಮೂರೂ ಸೇರಿ ಆದವಳು ನನ್ನ ಸವತಿ.

ಜತ್ತ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಹೆಚ್ಚು ವರ್ಷ ಆಗಿರಲಿಲ್ಲ. ಕಚೇರಿಯ ಮಾತು ಬಂದರೆ ಹಿರಿಯರು ಇನ್ನೂ "ರಾಜರ ಕಾಲಕ್ಕ" ಎಂದೇ ಶುರುಮಾಡುತ್ತಿದ್ದರು. ನಾನು ಕರಜಗಿಯವಳು, ಅಪ್ಪನದು ಒಕ್ಕಲುತನ. ನನ್ನನ್ನು ಕೊಟ್ಟದ್ದು ಸೋನ್ಯಾಳದ ಕಾಳಿನ ವ್ಯಾಪಾರದ ಮನೆಗೆ. ದೀಪಾವಳಿ ಮುಗಿಸಿ ಬಂದೆ. ಹೊಲದಲ್ಲಿ ಬಿಳಿಜೋಳ ಮೊಣಕಾಲೆತ್ತರ ನಿಂತಿತ್ತು, ಬೆಳಗಿನ ಚಳಿಗೆ ಮೈ ಜುಂ ಎನ್ನುತ್ತಿತ್ತು. ಮೈಮೇಲೆ ಹೊಸ ಇಳಕಲ್ ಸೀರೆ, ಕೈತುಂಬ ಹಸಿರು ಬಳೆ. ನನ್ನನ್ನು ನೋಡಲು ಓಣಿಯ ಹೆಂಗಸರೆಲ್ಲ ಬಂದರು. ನೋಡಬೇಕಾದವರು ಮಾತ್ರ ನೋಡಲಿಲ್ಲ.

ಇವರ ಹೆಸರು ಮಲ್ಲಪ್ಪ. ಆಗ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಈಗ ಹೇಳಿದರೆ ಬೈಯುವವರು ಯಾರಿದ್ದಾರೆ? ಹೆಸರಿಗೆ ಮಲ್ಲ, ಎತ್ತರ ಮಾತ್ರ ನನ್ನ ಕಿವಿಯ ಮಟ್ಟ. ಮದುವೆಯ ದಿನ ಅಕ್ಕಿಕಾಳಿನ ಹೊತ್ತಿನಲ್ಲಿ ನಮ್ಮಿಬ್ಬರನ್ನು ಜೊತೆಗೆ ನಿಲ್ಲಿಸಿದಾಗ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದಿದ್ದರಂತೆ. ಅದಕ್ಕೆ ನನಗೆ ಬೇಸರವಿರಲಿಲ್ಲ. ಮುಖ ಚಲೋ ಇತ್ತು, ಕಣ್ಣು ಚಲೋ ಇದ್ದವು. ಆ ಕಣ್ಣು ನನ್ನ ಕಡೆ ತಿರುಗಲಿಲ್ಲ ಎಂಬುದೇ ನನ್ನ ಸಂಕಟ.

ಚಿಕ್ಕಂದಿನಿಂದ ಊರ ತಾಲೀಮಿನ ಗರಡಿಯಲ್ಲಿ ಕೆಮ್ಮಣ್ಣು ಹಚ್ಚಿಕೊಂಡು ಬೆಳೆದವರು ಇವರು. ಆದರೆ ಕುಸ್ತಿಯ ಕಣದಲ್ಲಿ ಇವರಿಗೆ ಜೋಡಿ ಸಿಗುತ್ತಿರಲಿಲ್ಲ. ದೊಡ್ಡ ಆಳಿನ ಜೊತೆ ಬಿಟ್ಟರೆ ಅವನು ಹುಲ್ಲಿನ ಹೊರೆ ಎತ್ತಿದಂತೆ ಎತ್ತಿ ಒಗೆಯುತ್ತಿದ್ದ, ಜನ ಕೇಕೆ ಹಾಕಿ ನಗುತ್ತಿದ್ದರು. ಇಲ್ಲವಾದರೆ ಪೆಪ್ಪರಮೆಂಟಿನ ಆಸೆಗೆ ಆಡುವ ಹುಡುಗರ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಮೀಸೆ ಬಂದು ಎಷ್ಟೋ ವರ್ಷವಾದ ಗಂಡಸನ್ನು ಹಲ್ಲು ಬಿದ್ದ ಹುಡುಗರ ಜೊತೆ! ತನ್ನಷ್ಟೇ ಇರುವ ಒಬ್ಬ ಗಂಡಸಿನ ಎದುರು ಒಂದೇ ಒಂದು ಸಲ, ನಾಲ್ಕು ಜನರ ಮುಂದೆ ನಿಲ್ಲಬೇಕು. ಇವರಿಗೆ ಇದ್ದದ್ದು ಅದೊಂದೇ ಆಸೆ.

ಆ ಆಸೆಗೆ ಗಾಳಿ ಹಾಕಿದವರು ಬಾಬಾಲಾಲ ಹವಾಲ್ದಾರರು. ಊರಿನ ಪಿಂಜಾರರ ಮನೆಯವರು, ಮಿಲಿಟರಿ ಸೇರಿ ದೊಡ್ಡ ಯುದ್ಧ ಮುಗಿಸಿ ತಿರುಗಿ ಬಂದಿದ್ದರು. ಅವರದೂ ಸಣ್ಣ ಮೈ. ಪಲಟಣಿನಲ್ಲಿ ಬಾಕ್ಸಿಂಗ್ ಆಡಿದವರು. ಒಂದು ಜೊತೆ ಹಳೆಯ ಕೈಗವಸು ತಂದಿದ್ದರು, ಒಣಗಿದ ಮೆಣಸಿನಕಾಯಿಯ ಬಣ್ಣ. ಒಂದು ದಿನ ಅಂಗಡಿಯ ಕಟ್ಟೆಯ ಮೇಲೆ ಕೂತು ಇವರಿಗೆ ಹೇಳಿದರಂತೆ: "ನೋಡು ಮಲ್ಲಪ್ಪಾ, ಕುಸ್ತ್ಯಾಗ ಆನಿ ಮುಂದ ಆಡು ಬಿಡತಾರ. ಬಾಕ್ಸಿಂಗಿನ್ಯಾಗ ಹಂಗ ನಡ್ಯಾಂಗಿಲ್ಲ. ತೂಕಕ್ಕ ತೂಕ. ಎಂಟು ಸ್ಟೋನಿನಾಂವಗ ಎಂಟು ಸ್ಟೋನಿನಾಂವನ ಎದುರು ಬರಬೇಕು. ಒಂದು ಕೂದಲೆಳಿ ಹೆಚ್ಚಾದ್ರೂ ಹೊರಗ."

ಆ ದಿನದಿಂದ ಈ ಮನುಷ್ಯನ ತಲೆಯಲ್ಲಿ ಬೇರೆ ಏನೂ ಉಳಿಯಲಿಲ್ಲ. ಆ ತೂಕಕ್ಕೆ ಇಂಗ್ಲಿಷಿನಲ್ಲಿ ಫ್ಲೈವೇಟ್ ಎನ್ನುತ್ತಾರೆ, ಅಂದರೆ ನೊಣದ ತೂಕ ಎಂದು ಇವರು ಹೆಮ್ಮೆಯಿಂದ ಮನೆಯಲ್ಲಿ ಹೇಳಿದರು. ಅತ್ತೆಗೆ ಕೆಂಡದಂಥ ಸಿಟ್ಟು. "ನನ್ನ ಹೊಟ್ಟ್ಯಾಗ ಹುಟ್ಟಿದ್ದು ನೊಣ ಏನು? ಹೇಳು ಆ ಹವಾಲ್ದಾರಗ, ನೊಣ ಮಾಡೂದಿದ್ರ ತನ್ನ ಮಗನ್ನ ಮಾಡ್ಕೊಳ್ಳಲಿ ಅಂತ!" ಹವಾಲ್ದಾರರಿಗೆ ಮಕ್ಕಳಿರಲಿಲ್ಲ. ಅದು ಅತ್ತೆಗೆ ನೆನಪಾಗಿ, ನಾಲಿಗೆ ಕಚ್ಚಿಕೊಂಡು ಒಳಗೆ ಹೋದರು.

ಸಂಕ್ರಮಣ ಆದಕೂಡಲೇ ಸೊಲ್ಲಾಪುರದಲ್ಲಿ ಪಂದ್ಯ ಎಂದು ಗೊತ್ತಾಗಿತ್ತು. ಅದರ ಬೆನ್ನಿಗೇ ಹವಾಲ್ದಾರರು ಕಾವಲುಗಾರನ ನೌಕರಿಗೆ ಪುಣೆಗೆ ಹೋಗುವವರು. ಹಾಗಾಗಿ ಇವರಿಗೆ ಇದ್ದದ್ದು ಇದೊಂದೇ ಪಂದ್ಯ. ಇದು ತಪ್ಪಿದರೆ ಮತ್ತೆ ಪೆಪ್ಪರಮೆಂಟಿನ ಸಾಲೇ ಗತಿ.

ಈಗ ನನ್ನ ಸಂಸಾರದ ಚೆಂದ ಕೇಳಿ. ಬೆಳಕು ಹರಿಯುವ ಮೊದಲೇ ಎದ್ದು ಹಿತ್ತಿಲ ಬೇವಿನ ಮರದ ಕೆಳಗೆ ಹೋಗುತ್ತಿದ್ದರು. ಅಲ್ಲಿ ಹೊಸ ಗೋಣಿಚೀಲಕ್ಕೆ ಜೋಳದ ಹೊಟ್ಟು, ಮರಳು ತುಂಬಿ ತೂಗುಬಿಟ್ಟಿತ್ತು. ಅದನ್ನು ಗುದ್ದುವುದು, ಅಪ್ಪಿಕೊಳ್ಳುವುದು, ದೂಡುವುದು, ಮತ್ತೆ ಗುದ್ದುವುದು. ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಅಲ್ಲಿಂದ ಧಬಧಬ, ಇಲ್ಲಿಂದ ಪಟಪಟ. "ಇಬ್ರೂ ಭಾಳ ಜೋಡಿ ಕೂಡಿಸಿ ಬಡೀತೀರಿ" ಎಂದು ಅತ್ತೆ ನಗುತ್ತಿದ್ದರು. ಆ ಚೀಲವನ್ನು ಅಪ್ಪಿಕೊಂಡಷ್ಟು ಸಲ ನನ್ನನ್ನು ಅಪ್ಪಿಕೊಂಡಿರಲಿಲ್ಲ, ನಾಚಿಕೆಬಿಟ್ಟು ಹೇಳುತ್ತಿದ್ದೇನೆ.

ಗುದ್ದಾಟ ಮುಗಿದ ಮೇಲೆ ಕೈಗವಸುಗಳ ಸೇವೆ. ಬೆವರು ಒರೆಸಿ ಎಣ್ಣೆ ಸವರಬೇಕು. ಯಾವ ಎಣ್ಣೆ? ನನ್ನವ್ವ ಕರಜಗಿಯಿಂದ ಕಳಿಸಿದ್ದ, ನನ್ನ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ! ಬಾಟಲಿ ಅರ್ಧಕ್ಕಿಳಿದದ್ದು ನೋಡಿ ಕೇಳಿದರೆ, "ತೊಗಲು ಸೀಳಿದ್ರ ಮತ್ತ ಸಿಗಾಂಗಿಲ್ಲ" ಎಂದರು. ನನ್ನ ಕೂದಲು ಸೀಳಿದರೆ ಸಿಗುತ್ತದೆ ಎಂದು ಅರ್ಥವೇನೋ. ಮಲಗುವಾಗ ಅವು ಇವರ ತಲೆದಿಂಬಿನ ಹತ್ತಿರ. ನಾನು ಗೋಡೆಯ ಕಡೆ.

ಆಮೇಲೆ ತೂಕ. ಅಂಗಡಿಯಲ್ಲಿ ತೊಲೆಗೆ ಕಟ್ಟಿದ ದೊಡ್ಡ ತಕ್ಕಡಿ ಇತ್ತು. ದಿನಾ ಒಂದು ತಟ್ಟೆಯಲ್ಲಿ ನಲವತ್ತು ಸೇರಿನ ಮಣದ ಕಲ್ಲು ಮತ್ತು ಬಿಡಿ ಸೇರುಗಳನ್ನಿಟ್ಟು ಇನ್ನೊಂದರಲ್ಲಿ ಇವರು ಬರಿಮೈಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು, ಹರಕೆ ತೀರಿಸುವ ಕೂಸಿನ ಹಾಗೆ. ಹವಾಲ್ದಾರರು ಲೆಕ್ಕ ಹಾಕಿಕೊಟ್ಟಿದ್ದರು: ಎಂಟು ಸ್ಟೋನ್ ಎಂದರೆ ನಮ್ಮ ಪಕ್ಕಾ ತೂಕದಲ್ಲಿ ಒಂದು ಮಣ ಹದಿನಾಲ್ಕು ಸೇರಿನ ಮೇಲೆ ಚೂರು. ಕಾಳು ತೂಗುವ ಆಳು "ಇಳೀತ್ರಿ ಸಾವಕಾರ್ರ, ಇನ್ನೊಂದು ಪಾವ್ ಇಳೀತು" ಎಂದು ಕೂಗಿದರೆ ಇವರ ಮುಖ ಅರಳುತ್ತಿತ್ತು. ಗಂಡ ಸೊರಗಿದನೆಂದು ಹಬ್ಬ ಮಾಡುವ ಮನೆ ನಮ್ಮದೊಂದೇ.

ಈ ಸುದ್ದಿ ಮೊದಲು ಯಾರಿಗೆ ಮುಟ್ಟಬೇಕು? ಹೆಂಡತಿಗಲ್ಲ. ಹಾಜರಾಬಿಗೆ. ಆಕೆ ಹವಾಲ್ದಾರರ ಹೆಂಡತಿ. ನನಗಿಂತ ಹತ್ತು ವರ್ಷ ದೊಡ್ಡವಳು, ಗುಂಡು ಮುಖ, ಎಲೆಯಡಿಕೆಯ ಕೆಂಪು ತುಟಿ. ಕೈಗೆ ಸುತ್ತುವ ಪಟ್ಟಿಗಳನ್ನು ಹಳೆಯ ರುಮಾಲು ಹರಿದು ಹೊಲಿದುಕೊಡುವವಳು ಅವಳೇ, ಮಣಿಕಟ್ಟು ಉಳುಕಿದರೆ ಉಪ್ಪಿನ ಕಾವು ಕೊಡುವವಳೂ ಅವಳೇ. "ಭಾಬಿ ಹಿಂಗಂದ್ರು, ಭಾಬಿ ಹಂಗಂದ್ರು" ಎಂದು ನಮ್ಮವರ ಬಾಯಿಗೆ ಬಿಡುವೇ ಇರಲಿಲ್ಲ. ಒಂದು ದಿನ ಬಾವಿಯ ಹತ್ತಿರ ಆಕೆ ನನ್ನನ್ನು ನಿಲ್ಲಿಸಿ, "ಏ ನೀಲವ್ವ, ನಿನ್ನ ಗಂಡ ನಿನ್ನೀಕಿಂತ ಇವತ್ತು ಅರ್ಧ ಪಾವ್ ಹೆಚ್ಚಾಗ್ಯಾನ. ನಡಿಗ್ಯಾಗ ಗೊತ್ತಾಗತೈತಿ. ಏನ ಹಾಕಿದಿ ಊಟಕ್ಕ?" ಎಂದಳು. ನನ್ನ ಗಂಡನ ಅರ್ಧ ಪಾವು ಇನ್ನೊಬ್ಬಳಿಗೆ ಗೊತ್ತು! ಕೊಡ ಅಲ್ಲೇ ಕುಕ್ಕಿ ಮನೆಗೆ ಬಂದೆ. ನೀರಿಲ್ಲದೆ ಬಂದದ್ದಕ್ಕೆ ಅತ್ತೆಯ ಕೈಯಲ್ಲಿ ಬೈಸಿಕೊಂಡೆ.

ಹೊಟ್ಟೆಕಿಚ್ಚು ಎನ್ನುತ್ತಾರಲ್ಲ, ಅದು ಬರಿ ಮಾತಲ್ಲ. ಖರೇವಂದರೂ ಹೊಟ್ಟೆಯಲ್ಲಿ ಉರಿಯುತ್ತದೆ. ಇವರು ನಾನು ಮಾಡಿದ್ದನ್ನು ತಿನ್ನದೆ ತಟ್ಟೆ ಸರಿಸಿ ಏಳುತ್ತಿದ್ದರು, ನಾನು ಆ ತಟ್ಟೆಯ ಮುಂದೆ ಕೂತು ಉರಿಯುತ್ತಿದ್ದೆ. ಮೊದಲ ವರ್ಷದ ಸೊಸೆಗೆ ಅಡಿಗೆಯೊಂದೇ ತೋರಿಸಿಕೊಳ್ಳುವ ದಾರಿ. ಎಣಗಾಯಿ ಮಾಡಿದೆ, ಹಿಂಡಿಪಲ್ಯೆ ಮಾಡಿದೆ, ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿದೆ. ಎಲ್ಲಕ್ಕೂ ಒಂದೇ ಉತ್ತರ: "ಸಾಕು. ತೂಕ ಏರತೈತಿ."

ಎಳ್ಳಮಾವಾಸ್ಯೆ ಬಂತು. ಹಳ್ಳದ ದಂಡೆಯಲ್ಲಿ ನಮಗೂ ಒಂದು ತುಂಡು ಹೊಲವಿತ್ತು. ಎಲ್ಲರೂ ಬಂಡಿ ಕಟ್ಟಿಕೊಂಡು ಹೋಗಿ, ಹೊಲದ ತಾಯಿಗೆ ಎಡೆ ಮಾಡಿ, ಆ ಎಡೆಯನ್ನೇ ಜೋಳದ ಸಾಲುಗಳಲ್ಲಿ ಚರಗವೆಂದು ಚೆಲ್ಲಿ ಬಂದು ಊಟಕ್ಕೆ ಕೂತೆವು. ನನ್ನವ್ವ ಬುಟ್ಟಿ ತುಂಬ ಶೇಂಗಾದ ಹೋಳಿಗೆ ಕಳಿಸಿದ್ದಳು. ಅಳಿಯನ ಮೊದಲ ಎಳ್ಳಮಾಸಿ ಎಂದು ಬೆಲ್ಲ ಒಂದು ಹಿಡಿ ಹೆಚ್ಚೇ ಹಾಕಿದ್ದಳು. ಎಲ್ಲರ ಕಣ್ಣು ಇವರ ತಟ್ಟೆಯ ಮೇಲೆ. ಇವರು ಒಂದು ಚೂರು ಮುರಿದು, ಬಾಯಲ್ಲಿಟ್ಟು, ರಸ ಹೀರಿ, ಪಕ್ಕಕ್ಕೆ ತಿರುಗಿ ಉಗುಳಿದರು.

ಉಗುಳಿದರು! ನನ್ನವ್ವನ ಹೋಳಿಗೆ! ಹೊಲದ ತಾಯಿಯ ಮುಂದೆ! ಮೈದುನ ಕಿಸಕ್ಕನೆ ನಕ್ಕ. ನಾನು ಬಂಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಮನೆಗೆ ಬಂದು, ಅಂಗಡಿಯ ಬಾಗಿಲಿನಲ್ಲಿ ಇವರೊಬ್ಬರೇ ಸಿಕ್ಕಾಗ ಕಟ್ಟೆ ಒಡೆಯಿತು.

"ಎಂಟು ಸ್ಟೋನ್, ಎಂಟು ಸ್ಟೋನ್ ಅಂತ ಕುಣೀಬ್ಯಾಡ್ರಿ" ಎಂದೆ. "ನಿಮ್ಮ ತೂಕ ಖರೇ ಅಲ್ಲ."

"ಏನಂದಿ?"

"ನಿಮ್ಮ ಮಣದ ಕಲ್ಲಿನ್ಯಾಗ ಚೀಲ ಕುಂತೈತಿ. ರೈತರ ಕಾಳು ತೂಗೂ ಕಲ್ಲು ಅದು. ನೀವೇನು ಚೀಲದಾಗ ಕುಂತು ತೂಗಿಸಿಕೊಂತೀರೇನು? ಬರೇ ಮೈಲೆ ಕುಂದರತೀರಿ. ಆ ಕಲ್ಲಿಗೆ ನೀವು ಸಮ ಆಗೀರಿ ಅಂದ್ರ ಮಣಕ್ಕಿಂತ ಹೆಚ್ಚ ಅದೀರಿ. ನೊಣ ಅಲ್ಲ ನೀವು, ಏನೂ ಅಲ್ಲ. ನಿಮ್ಮ ಭಾಬಿಗೆ ಗೊತ್ತಿಲ್ಲೇನು ಇದು?"

ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ವ್ಯಾಪಾರಿ ರೈತನಿಂದ ಕಾಳು ಕೊಳ್ಳುವಾಗ ಚೀಲ ಸಮೇತ ತೂಗುತ್ತಿದ್ದ. ಪ್ರತಿ ಸಲ ಚೀಲದ್ದು, ಕಸಕಡ್ಡಿಯದು ಎಂದು ತೂಕ ಕಳೆಯುವ ಬದಲು, ಅಜ್ಜನ ಕಾಲದಲ್ಲೇ ಕಲ್ಲಿಗೆ ಒಂದು ಕಬ್ಬಿಣದ ಬಳೆ ಕೂಡಿಸಿ ಅಷ್ಟು ಭಾರ ಮಾಡಿಟ್ಟಿದ್ದರು. ರೈತರಿಗೂ ಗೊತ್ತು, ವ್ಯಾಪಾರಿಗೂ ಗೊತ್ತು, ಅದರಲ್ಲಿ ಮೋಸವಿರಲಿಲ್ಲ. ಆದರೆ ನಮ್ಮಪ್ಪ ಸುಗ್ಗಿ ಬಂದಾಗಲೆಲ್ಲ ಆ ಕಲ್ಲನ್ನು ಬೈಯದೆ ಊಟ ಮಾಡಿದವನಲ್ಲ. ಹಾಗಾಗಿ ನನಗೆ ಅದು ಹಾಲಿನ ಜೊತೆ ಇಳಿದ ವಿದ್ಯೆ. ಇವರು ಆ ಕಲ್ಲಿನ ಪಕ್ಕದಲ್ಲೇ ಹುಟ್ಟಿ ಬೆಳೆದವರು, ಇವರ ಪಾಲಿಗೆ ಅದು ಒಂದು ಮಣ, ಅಷ್ಟೇ. ಹವಾಲ್ದಾರರೋ ಪೌಂಡು ಸ್ಟೋನಿನ ಮನುಷ್ಯ. ಹೀಗೆ ಎರಡು ತಿಂಗಳು ಇವರು ಇಲ್ಲದ ಚೀಲದೊಳಗೆ ಕೂತು ತೂಗಿಸಿಕೊಂಡಿದ್ದರು.

ಇವರು ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಆ ಕಲ್ಲಿಟ್ಟರು, ಇನ್ನೊಂದರಲ್ಲಿ ಗಿರಾಕಿಗೆ ಮಾರುವ ತೂಕದ ಗುಂಡುಗಳನ್ನು ಮಣ ತುಂಬುವವರೆಗೆ ಪೇರಿಸಿದರು. ಕಲ್ಲಿನ ತಟ್ಟೆ ಮೇಲೇಳಲಿಲ್ಲ. ಇನ್ನೊಂದು ಸೇರು ಹಾಕಿದರು, ಅದರ ಮೇಲೆ ಅರ್ಧ ಸೇರು. ಆಗ ಸಮ ಬಂತು. ಬೆಳಿಗ್ಗೆಯ ಲೆಕ್ಕಕ್ಕೆ ಗಡಿಯೊಳಗಿದ್ದ ಮನುಷ್ಯ ಈಗ ಒಂದೂವರೆ ಸೇರು ಹೊರಗೆ ನಿಂತಿದ್ದರು.

ಅಳುತ್ತಾರೆ ಎಂದುಕೊಂಡೆ. ಅಳಲಿ, ಎಂದೂ ಅಂದುಕೊಂಡೆ. ಅವರು ನನ್ನ ಕಡೆ ತಿರುಗಿದರು. ಮದುವೆಯಾದಾಗಿನಿಂದ ಮೊದಲ ಸಲ ಕಣ್ಣು ತುಂಬ ನೋಡಿದರು. "ಶಾಣ್ಯಾಕಿ ಅದಿ ನೋಡು! ಸೊಲ್ಲಾಪುರದಾಗ ಗೊತ್ತಾಗಿದ್ರ ನನ್ನ ಗತಿ ಏನ್ ಆಗ್ತಿತ್ತು!" ಎಂದು ನಕ್ಕು, ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಎಲ್ಲಿಗೆ? ಹಾಜರಾಬಿಯ ಮನೆಗೆ, ಸುದ್ದಿ ಹೇಳಲು! ಹೊಡೆಯಲೆಂದು ಎಸೆದ ಮಾತನ್ನು ಎತ್ತಿಕೊಂಡು ಅವಳ ಬಾಗಿಲಿಗೇ ಒಯ್ದರು. ನಾನು ತಕ್ಕಡಿಯ ಹತ್ತಿರ ನಿಂತು ನನ್ನ ಬಾಯಿಗೆ ನಾನೇ ಬೈದುಕೊಂಡೆ.

ಆಮೇಲಿನ ಎರಡು ವಾರ ಮನೆ ಮನೆಯಾಗಿ ಉಳಿಯಲಿಲ್ಲ. ಮಟಮಟ ಮಧ್ಯಾಹ್ನ ಕಂಬಳಿ ಹೊದ್ದು ಬಾಲಗಾಂವದ ದಾರಿಯಲ್ಲಿ ಓಡುತ್ತಿದ್ದರು. ಎದುರು ಬಂದವರು ಚಳಿಜ್ವರ ಬಂದಿದೆಯೆಂದು ದಾರಿ ಬಿಡುತ್ತಿದ್ದರು. ಹಾಜರಾಬಿ ದಿನವೂ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತು, "ಇವತ್ತ ಅರ್ಧ ರೊಟ್ಟಿ ಅಷ್ಟ. ಉಪ್ಪು ಬ್ಯಾಡ ಬೇಟಿ, ಉಪ್ಪು ನೀರು ಹಿಡೀತೈತಿ" ಎನ್ನುತ್ತಿದ್ದಳು. ನನ್ನ ಒಲೆಗೆ ಅವಳ ಹುಕುಂ. ನಾನು "ಹ್ಞೂಂ ಅಕ್ಕಾ" ಎಂದು ಹಲ್ಲು ಕಡಿಯುತ್ತ ಉಪ್ಪಿಲ್ಲದ ಹಿಟ್ಟು ನಾದುತ್ತಿದ್ದೆ. ಇವರ ಕೆನ್ನೆ ಒಳಗೆ ಹೋಯಿತು, ಕಣ್ಣು ಮಾತ್ರ ದೊಡ್ಡವಾಗುತ್ತ ಬಂದವು.

ಸೊಲ್ಲಾಪುರಕ್ಕೆ ಹೊರಡುವಾಗ ಹಾಜರಾಬಿಯೂ ಹೋಗುತ್ತಾಳೆ, ಅಲ್ಲಿ ಅವಳ ತಂಗಿಯ ಮನೆಯಿದೆ ಎಂದು ಗೊತ್ತಾಯಿತು. ನಾನು ಸೀದಾ ಅತ್ತೆಯ ಮುಂದೆ ಹೋಗಿ ನಿಂತೆ. "ನಾನೂ ಹೋಗತೇನ್ರಿ."

"ಗುದ್ದಾಟ ನೋಡಾಕ ಹೆಣಮಕ್ಕಳು ಹೋಗತಾರೇನು? ಮಂದಿ ಏನಂದಾರು?"

"ಭಾಬಿ ಹೋಗಬಹುದು, ಹೇಣ್ತಿ ಹೋಗಬಾರದೇನ್ರಿ?"

ಅತ್ತೆ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. ಆಮೇಲೆ ದನಿ ತಗ್ಗಿಸಿ, "ಹೋಗು. ಆ ಹೋಳಿಗಿ ನಾಕು ಕಟ್ಟಿಕೊಂಡು ಹೋಗು. ಗೆದ್ರೂ ಸೋತ್ರೂ ಹೊಟ್ಟಿ ಹಸೀತೈತಿ, ಯಾರ ಕೈಯಾಗಿಂದು ತಿಂತಾನ ನೋಡು" ಎಂದರು. ಆ ಹೆಂಗಸಿಗೆ ನನ್ನ ಸಂಕಟ ಮೊದಲಿನಿಂದಲೂ ಗೊತ್ತಿತ್ತು.

ಜತ್ತದವರೆಗೆ ಬಂಡಿ, ಅಲ್ಲಿಂದ ಎಸ್‌ಟಿ ಬಸ್ಸು. ಮರುದಿನ ಬೆಳಿಗ್ಗೆ ಒಂದು ಸಾಲೆಯಲ್ಲಿ ತೂಕ. ಗಂಡಸರು ಒಳಕೋಣೆಯಲ್ಲಿ, ನಾವಿಬ್ಬರು ಹೆಂಗಸರು ಹೊರಗೆ ಬಾಗಿಲ ಪಕ್ಕ. ಒಳಗಿನಿಂದ ಮರಾಠಿಯಲ್ಲಿ ಹೆಸರು ಕೂಗುವುದು, ತಕ್ಕಡಿಯ ಕಬ್ಬಿಣ ಖಣ್ ಎನ್ನುವುದು ಕೇಳುತ್ತಿತ್ತು. ಹವಾಲ್ದಾರರು ಹೊರಗೆ ಬಂದಾಗ ಅವರ ಮುಖ ಬೂದಿಯಾಗಿತ್ತು. "ಇನ್ನೂ ಚೂರು ಹೆಚ್ಚೈತಿ. ಒಂದು ತಾಸು ಟೈಮ್ ಕೊಟ್ಟಾರ."

ಆ ಒಂದು ತಾಸು ನೋಡ್ರಿ. ಇವರನ್ನು ಕಂಬಳಿ ಹೊದಿಸಿ ಅಂಗಳದ ಸುತ್ತ ಓಡಿಸಿದರು. ಬೆವರು ಬರಲಿಲ್ಲ, ಮೈಯಲ್ಲಿ ನೀರಿದ್ದರಲ್ಲವೇ ಬರಲು? ಹಾಜರಾಬಿ ಬಾಯಲ್ಲಿ ಹುಣಸೆಹಣ್ಣು ಇಟ್ಟು ಉಗುಳಲು ಹೇಳಿದಳು. ಉಗುಳೂ ಬರಲಿಲ್ಲ. ಹವಾಲ್ದಾರರು ಕತ್ತರಿ ತಂದು ತಲೆಗೂದಲು ಕತ್ತರಿಸಿದರು. ಮತ್ತೆ ತಕ್ಕಡಿ. ಮುಳ್ಳು ಇನ್ನೂ ಒಂದು ಎಳೆ ಆಚೆಗೇ ನಿಂತಿತ್ತಂತೆ. ಇವರು ಧೋತರ ಸುತ್ತಿಕೊಂಡು ಬಾಗಿಲಿಗೆ ಬಂದು, ಚೌಕಟ್ಟಿಗೆ ಒರಗಿ, ನೆಲ ನೋಡುತ್ತ ನಿಂತರು. ಅಳಲಿಕ್ಕೂ ನೀರಿರಲಿಲ್ಲ ಆ ಕಣ್ಣಿನಲ್ಲಿ. ತಾಲೀಮಿನವರು ಇವರನ್ನು ಹುಡುಗರ ಸಾಲಿಗೆ ಕಳಿಸುವಾಗ ಹೀಗೇ ನಿಲ್ಲುತ್ತಿದ್ದರೇನೋ ಅನ್ನಿಸಿತು.

"ಥಾಂಬೋ ಭಾಯಿ, ನಿಂದರು, ಏನರೆ ಮಾಡೋಣು, ನನಗ ಒಂಚೂರು ವಿಚಾರ ಮಾಡಾಕ ಬಿಡು" ಎಂದು ಹಾಜರಾಬಿ ಹಣೆ ತಿಕ್ಕಿಕೊಂಡಳು. ಅವಳು ವಿಚಾರ ಮಾಡುತ್ತಿದ್ದಾಳೆ! ಅವಳಿಗೆ ಹೊಳೆದು, ಅವಳೇ ಇವರನ್ನು ದಾಟಿಸಿದರೆ ಜನ್ಮಪೂರ್ತಿ "ಭಾಬಿ ಇದ್ದದ್ದಕ್ಕ ಆತು" ಎಂದು ಕೇಳಬೇಕು ನಾನು. ಹೊಟ್ಟೆಯಲ್ಲಿ ಆ ಉರಿ ಎದ್ದದ್ದಕ್ಕೇ ನನ್ನ ಬುದ್ಧಿ ಓಡಿತು ಎಂದು ಈಗಲೂ ನಂಬಿದ್ದೇನೆ. ಇವರ ಬರಿಯ ಎದೆಯ ಮೇಲೆ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಒಳಗೆ ಇಷ್ಟಲಿಂಗ. ಅಜ್ಜ ಮಾಡಿಸಿದ ಗಟ್ಟಿ ಬೆಳ್ಳಿ.

"ಏನ್ರಿ, ಕರಡಿಗಿ ತಗೀರಿ" ಎಂದೆ.

ಇವರು ಬೆಚ್ಚಿ ಎದೆಗೆ ಕೈಯಿಟ್ಟುಕೊಂಡರು. "ಹುಚ್ಚಿ ಅದಿ ಏನು? ಹುಟ್ಟಿದಾಗಿಂದ ಮೈಮ್ಯಾಲಿಂದ ತಗದಿಲ್ಲ. ಲಿಂಗ ಬಿಟ್ಟು ಆಟ ಆಡಲೇನು?"

"ಲಿಂಗ ತಗೀ ಅಂದವರ್ಯಾರು? ಲಿಂಗ ಮೈಮ್ಯಾಲೆ ಇರಲಿ. ಕರಡಿಗಿ ತಗೀರಿ. ಅದು ಚೀಲ. ಕಾಳು ಬ್ಯಾರೆ, ಚೀಲ ಬ್ಯಾರೆ."

ನಾನು ನಿಂತಲ್ಲೇ ಇಳಕಲ್ ಸೀರೆಯ ಸೆರಗಿನ ಅಂಚು ಹಲ್ಲಿನಿಂದ ಕಚ್ಚಿ ಪರ್ ಎಂದು ಹರಿದೆ. ಮದುವೆಯ ಸೀರೆ ಅದು. ಹವಾಲ್ದಾರರು, ಹಾಜರಾಬಿ ಇಬ್ಬರೂ ತಾವಾಗಿ ಆ ಕಡೆ ಮುಖ ತಿರುಗಿಸಿ ನಿಂತರು. ಇವರು ಗೋಡೆಗೆ ಮುಖಮಾಡಿ, ಕಣ್ಣು ಮುಚ್ಚಿ, ಕರಡಿಗೆ ಬಿಚ್ಚಿ, ಲಿಂಗವನ್ನು ಆ ಬಟ್ಟೆಯ ಚೂರಿನಲ್ಲಿ ಸುತ್ತಿದರು. ನಾನು ಅದನ್ನು ಎಡಗೈಯ ರಟ್ಟೆಗೆ ಬಿಗಿದು ಕಟ್ಟಿದೆ. ಆಮೇಲೆ ಅವರು ಬರಿದಾದ ಬೆಳ್ಳಿಯ ಕರಡಿಗೆಯನ್ನು ನನ್ನ ಅಂಗೈಯಲ್ಲಿಟ್ಟು, "ಹಿಡಕೋ" ಎಂದರು. ಅದು ಅವರ ಎದೆಯ ಬಿಸಿಗೆ ಬೆಚ್ಚಗಿತ್ತು. ಹಾಜರಾಬಿಯ ಕೈಯಲ್ಲಿ ಪಟ್ಟಿ ಇತ್ತು, ಕತ್ತರಿ ಇತ್ತು, ಹುಣಸೆಹಣ್ಣು ಇತ್ತು. ಇದು ನನ್ನ ಕೈಯಲ್ಲಿತ್ತು. ಮುಷ್ಟಿ ಬಿಗಿಹಿಡಿದು ನಿಂತುಬಿಟ್ಟೆ.

ಒಳಗೆ ತಕ್ಕಡಿ ಖಣ್ ಎಂದಿತು. ಹವಾಲ್ದಾರರು "ಬೈಠ್ ಗಯಾ! ತೂಕಕ್ಕ ಸರಿ ಕುಂತಾ!" ಎಂದು ಕೂಗಿದ್ದು ಬೀದಿಯವರೆಗೆ ಕೇಳಿರಬೇಕು. ಹಾಜರಾಬಿ ನನ್ನನ್ನು ತಬ್ಬಿಕೊಂಡಳು. ನಾನೂ ತಬ್ಬಿಕೊಂಡೆ, ಒಂದೇ ಕೈಯಿಂದ.

ಪಂದ್ಯ ಸಂಜೆ. ಕಿಟಕಿಯ ಹೊರಗೆ ಬೆಂಚಿನ ಮೇಲೆ ಹತ್ತಿ ನಾವಿಬ್ಬರೂ ನೋಡಿದೆವು. ಹಗ್ಗದೊಳಗೆ ಬಂದವನು ಒಬ್ಬ ಬಟ್ಟೆಗಿರಣಿಯ ಹುಡುಗ. ಅದೇ ಎತ್ತರ, ಅದೇ ಭುಜ, ಅದೇ ಸಣಕಲು ಕಾಲು. ಇವರು ಅವನನ್ನು ನೋಡಿದರು ನೋಡಿ, ಆಹಾ, ಆ ನೋಟ! ಮುಖವೆಲ್ಲ ಬೆಳಕಾಗಿತ್ತು. ಇಷ್ಟು ವರ್ಷ ಎಲ್ಲಿದ್ದೆಯೋ ಮಾರಾಯ ಎಂದು ಕೇಳುವ ಹಾಗೆ ನಗುತ್ತಿದ್ದರು. ನನ್ನನ್ನು ಹಾಗೆ ಒಂದು ದಿನವೂ ನೋಡಿರಲಿಲ್ಲ. ಕರಡಿಗೆ ಕೈಯಲ್ಲಿದ್ದೂ ಆ ಗಿರಣಿಯ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಮೂರು ಸುತ್ತು ಗುದ್ದಾಡಿದರು. ಯಾರೂ ನಗಲಿಲ್ಲ. ಕೊನೆಗೆ ಆ ಹುಡುಗನ ಕೈ ಎತ್ತಿದರು, ಇವರು ಸೋತರು. ಸೋತವರು ಓಡಿಹೋಗಿ ಗೆದ್ದವನನ್ನು ಅಪ್ಪಿಕೊಂಡು ಎತ್ತಿಬಿಟ್ಟರು, ಜನ ಚಪ್ಪಾಳೆ ತಟ್ಟಿದರು. ತುಟಿ ಒಡೆದು, ಒಂದು ಕಣ್ಣು ಮುಚ್ಚಿಹೋಗಿ ಹೊರಗೆ ಬಂದವರೇ, "ನೋಡಿದ್ಯಾ? ನನ್ನಷ್ಟ ಇದ್ದ! ಖರೇ ನನ್ನಷ್ಟ ಇದ್ದ!" ಎಂದರು. ಆಮೇಲೆ ಕೈ ಚಾಚಿ, "ಕರಡಿಗಿ ಕೊಡು" ಎಂದರು.

"ಮೊದಲ ಇದನ್ನ ತಿನ್ರಿ" ಎಂದು ಹೋಳಿಗೆಯ ಗಂಟು ಬಿಚ್ಚಿದೆ. ಕೈಪಟ್ಟಿ ಇನ್ನೂ ಬಿಚ್ಚಿರಲಿಲ್ಲ, ನಾನೇ ಮುರಿದು ಬಾಯಿಗಿಟ್ಟೆ. ಒಡೆದ ತುಟಿಗೆ ಬೆಲ್ಲ ತಾಗಿ ಚುರುಗುಟ್ಟಿ ಕಣ್ಣಲ್ಲಿ ನೀರು ಬಂತು, ಆದರೂ ನಾಲ್ಕನ್ನೂ ತಿಂದರು. ಒಂದು ಚೂರೂ ಉಗುಳಲಿಲ್ಲ. ಆಮೇಲೆಯೇ ಕರಡಿಗೆ ತಿರುಗಿ ಕೊಟ್ಟೆ. ಹಾಜರಾಬಿ ದೂರ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ, ನನಗೆ, "ಗೆದ್ದಿ ನೋಡು ನೀನು" ಎಂದಳು. ಅವಳ ಕಣ್ಣಲ್ಲಿಯೂ ಏನೋ ಉರಿಯುತ್ತಿತ್ತು. ಹೇಳಿದ್ದೇನಲ್ಲ, ಆಕೆಗೆ ಮಕ್ಕಳಿರಲಿಲ್ಲ.

ಹವಾಲ್ದಾರರು ಪುಣೆಗೆ ಹೋಗುವಾಗ ಕೈಗವಸುಗಳನ್ನು ಇವರಿಗೇ ಬಿಟ್ಟುಹೋದರು. ಇವರು ಮತ್ತೆಂದೂ ಎಂಟು ಸ್ಟೋನಿಗೆ ಇಳಿಯಲಿಲ್ಲ. ಅದರಲ್ಲಿ ನನ್ನ ರೊಟ್ಟಿಯ ಪಾಲಿಲ್ಲ ಎಂದರೆ ದೇವರು ಮೆಚ್ಚುವುದಿಲ್ಲ. ಆದರೆ ಆ ಕೈಗವಸು ತಲೆದಿಂಬಿನ ಹತ್ತಿರದಿಂದ ಕದಲಲಿಲ್ಲ. ಮಕ್ಕಳಾದವು, ಮೊಮ್ಮಕ್ಕಳಾದವು, ಮಣ ಸೇರು ಹೋಗಿ ಕಿಲೋ ಬಂತು. ಅವಳು ಅಲ್ಲೇ ಇದ್ದಳು, ಕೊಬ್ಬರಿ ಎಣ್ಣೆ ಕುಡಿಯುತ್ತ.

ಇವರು ತೀರಿಕೊಂಡಾಗ ಹಾಜರಾಬಿ ಬಂದಿದ್ದಳು. ಗಂಡ ಹೋದ ಮೇಲೆ ಊರಿಗೆ ಮರಳಿದ್ದಳು, ಕೋಲೂರಿಕೊಂಡು ನಡೆಯುತ್ತಿದ್ದಳು. ಸ್ವಾಮಿಗಳು ಲಿಂಗವನ್ನು ಇವರ ಎಡ ಅಂಗೈಯಲ್ಲಿಟ್ಟು, ಬೆಳ್ಳಿಯ ಕರಡಿಗೆಯನ್ನು ನನ್ನ ಕೈಗೆ ಕೊಟ್ಟರು. ಇವರ ಮೈಮೇಲಿಂದ ಅದು ನನ್ನ ಕೈಗೆ ಬಂದದ್ದು ಎರಡನೆಯ ಸಲ. ಈ ಸಲ ತಣ್ಣಗಿತ್ತು. ಹಾಜರಾಬಿ ಒಳಗೆ ಹೋಗಿ ತಲೆದಿಂಬಿನ ಬದಿಯಿಂದ ಕೈಗವಸುಗಳನ್ನು ತಂದು, ಅಳುತ್ತ, "ಇವನ್ನೂ ಆತನ ಬಾಜೂಕ ಇಡ್ರೆವ್ವ. ಆತನ ಜೀವ ಇದ್ರಾಗ ಇತ್ತು" ಎಂದಳು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಣ್ಣೊರೆಸಿಕೊಂಡು ಅವನ್ನು ಅವಳ ಕೈಯಿಂದ ಕಸಿದುಕೊಂಡೆ. "ಬ್ಯಾಡ ಅಕ್ಕಾ. ಇಲ್ಲಿ ಸಾಲದಂತ ಇವಳನ್ನ ಅಲ್ಲೀ ತನಕ ಜೋಡಿ ಕಳಸ್ಲೇನು?" ಎಂದೆ.

ಹಾಗಾಗಿ ಅವು ಇಲ್ಲೇ ಇವೆ, ಜತ್ತದ ಮಗನ ಮನೆಯಲ್ಲಿ, ನನ್ನ ದಿಂಬಿನ ಹತ್ತಿರ. ಕುಬಸ ಮುಗಿಸಿ ಬಂದವಳು ಮೊದಲು ಮಾಡಿದ ಕೆಲಸ ಅವನ್ನು ತೆಗೆದು ನೋಡಿದ್ದು. ತೊಗಲು ಬಿರಿಯಲು ಬಂದಿತ್ತು. ನನ್ನ ತಲೆಗೆ ಹಚ್ಚುವ ಎಣ್ಣೆಯನ್ನೇ ತಂದು, ಕಾಲು ಚಾಚಿ ಕೂತು, ಹೆಬ್ಬೆರಳಿಗೂ ಒಂದೊಂದು ಮಡಿಕೆಗೂ ಇಳಿಯುವ ಹಾಗೆ ಹಚ್ಚಿದೆ. ಬಾಯಿತುಂಬ ಬೈಯುತ್ತಲೇ ಹಚ್ಚಿದೆ.